ಕಾನೂನಿನ ಗ್ರಂಥವೂ ನ್ಯಾಯಾಧೀಶನ ಮನಸ್ಸಾಕ್ಷಿಯೂ



ಪಾಸ್ಖಕಾಲದ ಏಳನೆಯ ವಾರದ ಶುಕ್ರವಾರದಂದು ಪ್ರೇಷಿತರ ಕಾರ್ಯಕಲಾಪಗಳ ಇಪ್ಪತ್ತೈದನೆಯ ಅಧ್ಯಾಯದಿಂದ ಒಂದು ವಾಚನ ಬರುತ್ತದೆ. ರಾಜ್ಯಪಾಲ ಫೆಸ್ತನು ಅಗ್ರಿಪ್ಪ ರಾಜನಿಗೆ ಸೆರೆಯಾಳು ಪೌಲನ ವಿಷಯವನ್ನು ವಿವರಿಸುವ ಭಾಗವದು. ಆರೋಪಿಯು ತನ್ನ ಮೇಲೆ ದೂರು ಹೊರಿಸಿದವರನ್ನು ಮುಖಾಮುಖಿಯಾಗಿ ಎದುರಿಸಿ, ತನ್ನ ಪರವಾಗಿ ಮಾತನಾಡುವ ಅವಕಾಶ ಪಡೆಯುವ ಮುನ್ನ ಅವನನ್ನು ಶಿಕ್ಷೆಗೆ ಒಪ್ಪಿಸುವುದು ರೋಮನರ ಪದ್ಧತಿಯಲ್ಲ ಎಂದು ಫೆಸ್ತ ಸಹಜವಾಗಿ ಹೇಳಿಬಿಡುತ್ತಾನೆ. ಆ ದಿನದ ಶುಭಸಂದೇಶದಲ್ಲಿ ಯೇಸುಸ್ವಾಮಿ ಪೇತ್ರನನ್ನು ಮೂರು ಸಲ ಪ್ರಶ್ನಿಸುವ ಪ್ರಸಂಗವಿರುವುದರಿಂದ, ಪ್ರಬೋಧನೆ ಮಾಡುವ ನಾವು ಗುರುಗಳು ಅತ್ತ ಹೊರಳುತ್ತೇವೆ. ಫೆಸ್ತನ ಮಾತು ಹಾಗೆಯೇ ಉಳಿದುಹೋಗುತ್ತದೆ. ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳ ನನ್ನ ಯಾಜಕ ಜೀವನದಲ್ಲಿ ನಾನೂ ಅದರ ಮೇಲೆ ಒಮ್ಮೆಯೂ ಪ್ರಬೋಧಿಸಿದವನಲ್ಲ.

ಆದರೆ ಅದು ಹಗುರವಾದ ಮಾತಲ್ಲ. ಸುಮಾರು ಮೂರು ದಶಕಗಳ ಹಿಂದೆ ಅದೇ ನಾಡಿನಲ್ಲಿ, ಅದೇ ರೋಮನ್ ಆಡಳಿತದ ಇನ್ನೊಬ್ಬ ರಾಜ್ಯಪಾಲ, ತನಗೆ ಅಪರಾಧವೇನೂ ಕಾಣಲಿಲ್ಲವೆಂದು ಹೇಳುತ್ತಲೇ ಒಬ್ಬ ಗಲಿಲೇಯದವನನ್ನು ಶಿಲುಬೆಗೆ ಒಪ್ಪಿಸಿದ್ದ. ಪೌಲನನ್ನು ಉಳಿಸಿದ ಪದ್ಧತಿ ಯೇಸುವನ್ನು ಏಕೆ ಉಳಿಸಲಿಲ್ಲ? ಉತ್ತರದ ಒಂದು ಭಾಗವಂತೂ ಸ್ಪಷ್ಟವಾಗಿದೆ. ಪೌಲ ರೋಮನ್ ಪ್ರಜೆ; ಯೇಸು ಅಲ್ಲ. ಜೆರುಸಲೇಮಿನಲ್ಲಿ ಸೈನಿಕರು ಪೌಲನನ್ನು ಕಟ್ಟಿ, ಚಾವಟಿಯಿಂದ ಹೊಡೆದು ನಿಜ ಹೊರಡಿಸಲು ಸಿದ್ಧರಾದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: ವಿಚಾರಣೆಯಾಗದ ರೋಮನ್ ಪ್ರಜೆಯನ್ನು ಹೊಡೆಯುವುದು ಕಾನೂನುಬದ್ಧವೇ? ಹೊಡೆಯಬೇಕಾದವರು ಒಡನೆಯೇ ಹಿಂದೆ ಸರಿದರು. ಪೌಲನ ಬಿಡುಗಡೆಗಾಗಿ ನಾವು ಸಂತೋಷಪಡುತ್ತೇವೆ. ಪಕ್ಕದ ಕೋಣೆಯಲ್ಲಿ ಪ್ರಜೆಯಲ್ಲದ ಒಬ್ಬ ಬಡವನಿದ್ದಿದ್ದರೆ ಚಾವಟಿ ನಿಲ್ಲುತ್ತಿರಲಿಲ್ಲ ಎಂಬುದನ್ನು ಮಾತ್ರ ಯೋಚಿಸುವುದಿಲ್ಲ.

ಕಾನೂನು ಬರಹಕ್ಕಿಳಿದು, ಒಂದೆಡೆ ಸಂಗ್ರಹವಾಗಿ, ಎಲ್ಲರ ಕೈಗೆ ಸಿಗುವಂತಾದರೆ ನ್ಯಾಯ ಬೆಳೆಯುತ್ತದೆಯೇ? ಅಥವಾ ಬಲಶಾಲಿಯ ಕೈಗೆ ಇನ್ನೊಂದು ಆಯುಧ ಸಿಗುತ್ತದೆಯೇ? ಗ್ರಂಥ ಒಂದನ್ನು ಹೇಳಿ ಮನಸ್ಸಾಕ್ಷಿ ಇನ್ನೊಂದನ್ನು ಹೇಳಿದಾಗ ತೀರ್ಪು ಕೊಡುವವನು ಏನು ಮಾಡಬೇಕು? ಈ ಪ್ರಶ್ನೆಗಳನ್ನು ಗಾಳಿಯಲ್ಲಿ ಚರ್ಚಿಸುವುದಕ್ಕಿಂತ, ಜಗತ್ತಿನ ಅತ್ಯಂತ ಪ್ರಸಿದ್ಧ ಕಾನೂನು ಸಂಗ್ರಹವೊಂದರ ಕಥೆಯ ಮೂಲಕ ಕೇಳಿಕೊಳ್ಳುವುದು ಲೇಸೆಂದು ನನಗೆ ತೋರುತ್ತದೆ.

ಗುರುಮಠದಲ್ಲಿ ಧರ್ಮಸಭೆಯ ಕಾನೂನನ್ನು ಕಲಿಸುತ್ತಿದ್ದ ನಮ್ಮ ಗುರುಗಳು ಮೊದಲ ದಿನ ಕರಿಹಲಗೆಯ ಮೇಲೆ ಎರಡು ಲ್ಯಾಟಿನ್ ಪದಗಳನ್ನು ಬರೆದಿದ್ದರು: ಲೆಕ್ಸ್, ಯೂಸ್. ಲೆಕ್ಸ್ ಎಂದರೆ ಅಧಿಕಾರವುಳ್ಳವನು ಮಾಡಿ ಹೊರಡಿಸಿದ ಶಾಸನ. ಯೂಸ್ ಎಂದರೆ ನ್ಯಾಯವಾದದ್ದು, ಒಬ್ಬನಿಗೆ ಸಲ್ಲತಕ್ಕದ್ದು. ಕನ್ನಡದಲ್ಲಿ ‘ಕಾನೂನು’ ಮತ್ತು ‘ನ್ಯಾಯ’ ಎಂಬ ಎರಡು ಪದಗಳಿರುವುದು ನಿಮ್ಮ ಭಾಗ್ಯ, ಅವೆರಡನ್ನೂ ಬೆರೆಸಬೇಡಿ ಎಂದು ಅವರು ಹೇಳಿದರು. ಆಗ ಅದನ್ನು ಪರೀಕ್ಷೆಗಾಗಿ ಬರೆದುಕೊಂಡೆ. ಅರ್ಥವಾಗತೊಡಗಿದ್ದು ಬಹಳ ತಡವಾಗಿ.

ಜಸ್ಟಿನಿಯನ್ ಕಾನ್‌ಸ್ಟಾಂಟಿನೋಪಲಿನಲ್ಲಿ ಚಕ್ರವರ್ತಿಯಾದದ್ದು ಕ್ರಿ.ಶ. 527ರಲ್ಲಿ. ಅಷ್ಟರಲ್ಲಿ ರೋಮನ್ ಕಾನೂನಿಗೆ ಸಾವಿರ ವರ್ಷ ತುಂಬುತ್ತ ಬಂದಿತ್ತು. ಹನ್ನೆರಡು ಫಲಕಗಳ ಕಾಲದಿಂದ ಕೂಡುತ್ತ ಬಂದ ಶಾಸನಗಳು, ಚಕ್ರವರ್ತಿಗಳ ಆಜ್ಞೆಗಳು, ನ್ಯಾಯಶಾಸ್ತ್ರಜ್ಞರ ಅಭಿಪ್ರಾಯಗಳು ಎಲ್ಲವೂ ಸೇರಿ ಯಾವ ನ್ಯಾಯಾಧೀಶನೂ ಪೂರ್ತಿ ಓದಲಾಗದ ಕಾಡಾಗಿತ್ತು. ಆ ಗೊಂದಲ ಎಷ್ಟಿತ್ತೆಂದರೆ, 426ರಲ್ಲಿ ಒಂದು ವಿಚಿತ್ರ ಶಾಸನವನ್ನೇ ಮಾಡಬೇಕಾಯಿತು. ಪಪೀನಿಯನ್, ಪೌಲುಸ್, ಗಾಯಸ್, ಉಲ್ಪಿಯನ್, ಮೊಡೆಸ್ಟೀನಸ್ ಎಂಬ ಐವರು ಹಳೆಯ ಪಂಡಿತರ ಅಭಿಪ್ರಾಯಗಳನ್ನು ಎಣಿಸಿ ಬಹುಮತದಂತೆ ತೀರ್ಪು ಕೊಡಬೇಕು. ಸಮಸಮವಾದರೆ ಪಪೀನಿಯನ್ನನ ಮಾತು ನಡೆಯಬೇಕು. ಸತ್ತು ಸುಮಾರು ಇನ್ನೂರು ವರ್ಷವಾದವರ ಮತ ಎಣಿಕೆ! ನಗು ಬರುತ್ತದೆ ನಿಜ. ಆದರೆ ಅದರ ಹಿಂದೆ ತೀರ್ಪು ಕೊಡಲು ಹೆದರಿದ ನ್ಯಾಯಾಧೀಶನ ಅಸಹಾಯಕತೆಯೂ ಇದೆ. ಅಂದಹಾಗೆ, ಆ ಪಪೀನಿಯನ್ 212ರಲ್ಲಿ ಚಕ್ರವರ್ತಿ ಕರಕಲ್ಲನ ಅಪ್ಪಣೆಯಿಂದ ಕೊಲೆಯಾದವನು. ಚಕ್ರವರ್ತಿ ತನ್ನ ತಮ್ಮನನ್ನು ಕೊಂದದ್ದನ್ನು ಸಮರ್ಥಿಸುವ ಮಾತುಗಳನ್ನು ರಚಿಸಿಕೊಡಲು ಪಪೀನಿಯನ್ ನಿರಾಕರಿಸಿದ ಎಂದು ಹಳೆಯ ಪರಂಪರೆ ಹೇಳುತ್ತದೆ.

ಜಸ್ಟಿನಿಯನ್ ಈ ಕಾಡನ್ನು ಕಡಿದು ತೋಟ ಮಾಡಲು ಹೊರಟ. 528ರಲ್ಲಿ ಹತ್ತು ಮಂದಿಯ ಮಂಡಳಿ ನೇಮಕವಾಗಿ, ಮರುವರ್ಷವೇ ಚಕ್ರವರ್ತಿಗಳ ಆಜ್ಞೆಗಳ ಸಂಹಿತೆ ಹೊರಬಂತು. ಆದರೆ ನಿಜವಾದ ಸಾಹಸ ಆರಂಭವಾದದ್ದು 530ರ ಡಿಸೆಂಬರಿನಲ್ಲಿ. ಟ್ರಿಬೋನಿಯನ್ ಎಂಬ ಮಂತ್ರಿಯ ಮುಂದಾಳತ್ವದಲ್ಲಿ, ಹಳೆಯ ನ್ಯಾಯಶಾಸ್ತ್ರಜ್ಞರ ಬರಹಗಳನ್ನೆಲ್ಲ ಓದಿ, ಸಾರ ತೆಗೆದು, ವಿರೋಧಗಳನ್ನು ಅಳಿಸಿ ಒಂದು ಗ್ರಂಥ ಮಾಡುವ ಕೆಲಸ. ಸುಮಾರು ಎರಡು ಸಾವಿರ ಪುಸ್ತಕಗಳ ಮೂವತ್ತು ಲಕ್ಷ ಸಾಲುಗಳನ್ನು ಒಂದೂವರೆ ಲಕ್ಷಕ್ಕೆ ಇಳಿಸಿದ್ದಾಗಿ ಅವರೇ ಲೆಕ್ಕ ಕೊಟ್ಟಿದ್ದಾರೆ. ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಇದೆಲ್ಲ ಮುಗಿದದ್ದು ಕೇವಲ ಮೂರು ವರ್ಷಗಳಲ್ಲಿ. 533ರ ಡಿಸೆಂಬರ್ 16ರಂದು ಐವತ್ತು ಪುಸ್ತಕಗಳ ಡೈಜೆಸ್ಟ್ ಪ್ರಕಟವಾಯಿತು. ಅದರ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಉಲ್ಪಿಯನ್ ಒಬ್ಬನ ಬರಹ. ವಿದ್ಯಾರ್ಥಿಗಳಿಗಾಗಿ ಇನ್‌ಸ್ಟಿಟ್ಯೂಟ್ಸ್ ಎಂಬ ಪಠ್ಯಪುಸ್ತಕವೂ ಅದೇ ವರ್ಷ ಬಂತು. 534ರಲ್ಲಿ ಸಂಹಿತೆಯನ್ನು ತಿದ್ದಿ ಹನ್ನೆರಡು ಪುಸ್ತಕಗಳಲ್ಲಿ ಹೊರಡಿಸಿದರು. ಆಮೇಲಿನ ಹೊಸ ಶಾಸನಗಳಿಗೆ ನಾವೆಲ್ಸ್ ಎಂದು ಹೆಸರಾಯಿತು.

ಈ ಕೆಲಸದ ನಡುವೆ ನಡೆದ ಒಂದು ಘಟನೆ ನನ್ನನ್ನು ಬಹಳ ಕಾಡಿದೆ. 532ರ ಜನವರಿಯಲ್ಲಿ ರಾಜಧಾನಿಯ ಜನ ದಂಗೆಯೆದ್ದರು. ಕೆಲವು ಅಧಿಕಾರಿಗಳನ್ನು ತೆಗೆದುಹಾಕಬೇಕೆಂಬುದು ಅವರ ಒತ್ತಾಯವಾಗಿತ್ತು. ಅವರಲ್ಲಿ ಟ್ರಿಬೋನಿಯನ್ನನೂ ಒಬ್ಬ. ಅವನು ಹಣಕ್ಕಾಗಿ ಕಾನೂನನ್ನೇ ಮಾರುತ್ತಾನೆ, ಕೇಳಿದವರಿಗೆ ಬೇಕಾದಂತೆ ಶಾಸನ ಹುಟ್ಟಿಸುತ್ತಾನೆ, ಬೇಡವಾದದ್ದನ್ನು ರದ್ದುಮಾಡಿಸುತ್ತಾನೆ ಎಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ದೂರುತ್ತಾನೆ. ಚಕ್ರವರ್ತಿ ಅವನನ್ನು ತೆಗೆದ. ದಂಗೆಯನ್ನು ರಕ್ತದಲ್ಲಿ ಅಡಗಿಸಿದ. ಕುದುರೆ ಓಟದ ಬಯಲಿನಲ್ಲಿ ಸತ್ತವರು ಮೂವತ್ತು ಸಾವಿರಕ್ಕೂ ಹೆಚ್ಚೆಂದು ಪ್ರೊಕೋಪಿಯಸ್ ಬರೆದಿದ್ದಾನೆ. ಬಳಿಕ ಟ್ರಿಬೋನಿಯನ್ ಮತ್ತೆ ಅಧಿಕಾರಕ್ಕೆ ಬಂದ. ಮರುವರ್ಷದ ಕೊನೆಗೆ ಡೈಜೆಸ್ಟ್ ಸಿದ್ಧವಾಯಿತು. ಪ್ರತಿಯೊಬ್ಬನಿಗೂ ಅವನಿಗೆ ಸಲ್ಲತಕ್ಕದ್ದನ್ನು ಸಲ್ಲಿಸುವ ಸ್ಥಿರವಾದ ಮನಸ್ಸೇ ನ್ಯಾಯ ಎಂಬ ಉಲ್ಪಿಯನ್ನನ ವಿಚಾರವನ್ನು ಆರಿಸಿ ಗ್ರಂಥದ ಆರಂಭದಲ್ಲಿಯೇ ಇಟ್ಟದ್ದು ನ್ಯಾಯವನ್ನು ಮಾರಿದ ಆರೋಪ ಹೊತ್ತವನ ಮಂಡಳಿಯೇ. ಇದರಿಂದ ಆ ವಿಚಾರದ ಬೆಲೆ ಕಡಿಮೆಯಾಗುತ್ತದೆಯೇ? ನನಗೆ ಹಾಗೆ ತೋರುವುದಿಲ್ಲ. ಅಶುದ್ಧ ಕೈಗಳಿಂದಲೂ ಶುದ್ಧ ನೀರು ಹರಿದು ಬರಬಹುದೆಂಬುದನ್ನು ಸಂತ ಅಗಸ್ಟೀನರ ಕಾಲದಿಂದ ಧರ್ಮಸಭೆ ತನ್ನ ಸಂಸ್ಕಾರಗಳ ವಿಷಯದಲ್ಲಿ ಒಪ್ಪಿಕೊಂಡು ಬಂದಿದೆ. ಆದರೂ ಮನಸ್ಸಿಗೆ ಕಸಿವಿಸಿಯಾಗದೆ ಇರದು.

ಗ್ರಂಥದೊಳಗೆ ಹೋದರೆ ಈ ಕಸಿವಿಸಿ ಹೆಚ್ಚುತ್ತದೆ. ಪ್ರಭುವಿಗೆ ಏನು ಇಷ್ಟವಾಯಿತೋ ಅದಕ್ಕೆ ಶಾಸನದ ಬಲವಿದೆ ಎಂಬ ಅಭಿಪ್ರಾಯ ಅಲ್ಲಿದೆ. ಪ್ರಭು ತಾನೂ ಕಾನೂನಿಗೆ ಬದ್ಧನೆಂದು ಒಪ್ಪಿಕೊಳ್ಳುವುದೇ ಅವನ ಪದವಿಗೆ ಶೋಭೆ ಎಂಬ 429ರ ಶಾಸನವೂ ಅದೇ ಸಂಗ್ರಹದಲ್ಲಿದೆ. ಹೊಟ್ಟೆಪಾಡಿಗಿಲ್ಲದ ಹಳ್ಳಿಯ ಹೆಣ್ಣುಮಕ್ಕಳನ್ನು ಚಪ್ಪಲಿ ಬಟ್ಟೆಗಳ ಆಸೆ ತೋರಿಸಿ ರಾಜಧಾನಿಗೆ ತಂದು ವೇಶ್ಯಾವಾಟಿಕೆಗೆ ದೂಡುತ್ತಿದ್ದ ದಲ್ಲಾಳಿಗಳ ವಿರುದ್ಧ 535ರಲ್ಲಿ ಹೊರಡಿಸಿದ ಶಾಸನವನ್ನು ಓದಿದರೆ ಇಂದಿಗೂ ಮನಸ್ಸು ತುಂಬಿ ಬರುತ್ತದೆ. ಅಂಥ ಹುಡುಗಿಯರಿಂದ ಬರೆಸಿಕೊಂಡ ಕರಾರುಗಳೆಲ್ಲ ರದ್ದು ಎನ್ನುತ್ತದೆ ಅದು. ಯೆಹೂದ್ಯರು ಮತ್ತು ಪಾಷಂಡಿಗಳು ಕ್ರೈಸ್ತರ ವಿರುದ್ಧ ಸಾಕ್ಷಿ ಹೇಳುವಂತಿಲ್ಲ ಎಂದು ಬರೆಸಿದವನೂ ಅದೇ ಚಕ್ರವರ್ತಿ. ಹಿಂದೆ ಪೌಲನ ಪಕ್ಕದ ಕೋಣೆಯಲ್ಲಿದ್ದ ಬಡವನ ಸ್ಥಾನಕ್ಕೆ ಈಗ ಬೇರೆಯವರು ಬಂದರು, ಅಷ್ಟೇ. ನಮ್ಮ ಧರ್ಮದ ಹೆಸರಿನಲ್ಲಿ ನಡೆದದ್ದೆಂದು ಇದನ್ನು ಮುಚ್ಚಿಟ್ಟು ಬರೆಯುವುದು ನನ್ನಿಂದಾಗದು.

ಎಲ್ಲಕ್ಕಿಂತ ಆಶ್ಚರ್ಯ ಗುಲಾಮಗಿರಿಯ ಕುರಿತಾದದ್ದು. ದಾಸ್ಯವು ಎಲ್ಲ ಜನಾಂಗಗಳಲ್ಲೂ ರೂಢಿಯಲ್ಲಿರುವ ಪದ್ಧತಿಯಾದರೂ ನಿಸರ್ಗಕ್ಕೆ ವಿರುದ್ಧವಾದದ್ದು ಎಂದು ವಿದ್ಯಾರ್ಥಿಗಳ ಪಠ್ಯದ ಮೊದಲ ಪುಸ್ತಕದಲ್ಲಿಯೇ ಹೇಳಿದೆ. ನಿಸರ್ಗದ ದೃಷ್ಟಿಯಲ್ಲಿ ಎಲ್ಲರೂ ಸ್ವತಂತ್ರರಾಗಿ ಹುಟ್ಟುತ್ತಾರೆ ಎಂದೂ ಇದೆ. ಹೀಗೆ ಹೇಳಿದ ಮೇಲೆ ಗ್ರಂಥ ಏನು ಮಾಡುತ್ತದೆ? ಗುಲಾಮನನ್ನು ಕೊಳ್ಳುವಾಗ ಯಾವ ದೋಷ ಮುಚ್ಚಿಟ್ಟರೆ ಮಾರಾಟ ರದ್ದಾಗುತ್ತದೆ, ಓಡಿಹೋದವನು ಯಾರ ಸ್ವತ್ತು, ದಾಸಿಗೆ ಹುಟ್ಟಿದ ಮಗು ಯಾರಿಗೆ ಸೇರಬೇಕು ಎಂದು ಪುಟಗಟ್ಟಲೆ ವಿವರಿಸುತ್ತದೆ. ಬಿಡುಗಡೆಯ ದಾರಿಗಳನ್ನು ಜಸ್ಟಿನಿಯನ್ ಸುಲಭಗೊಳಿಸಿದ, ಹಳೆಯ ಮಿತಿಗಳನ್ನು ಕಿತ್ತುಹಾಕಿದ ಎಂಬುದು ಸತ್ಯ. ಪದ್ಧತಿಯನ್ನು ಮಾತ್ರ ಮುಟ್ಟಲಿಲ್ಲ. ತಾನು ವಿಧಿಸುತ್ತಿರುವುದು ಅನ್ಯಾಯವೆಂದು ತಾನೇ ಒಪ್ಪಿಕೊಂಡು ವಿಧಿಸುವ ಕಾನೂನು ಇದು. ಓದುಗರೇ, ಅಜ್ಞಾನದಿಂದ ಮಾಡಿದ ಅನ್ಯಾಯಕ್ಕಿಂತ ಇದು ಕೆಟ್ಟದ್ದೇ, ಅಥವಾ ಒಳ್ಳೆಯದೇ? ಬಹುಕಾಲ ನಾನು ಕೆಟ್ಟದ್ದೆಂದೇ ಭಾವಿಸಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ. ಆ ಒಂದು ಸಾಲನ್ನು ಟ್ರಿಬೋನಿಯನ್ನನ ಮಂಡಳಿ ಕತ್ತರಿಸಿ ಎಸೆಯಬಹುದಿತ್ತು. ಇಪ್ಪತ್ತರಲ್ಲಿ ಹತ್ತೊಂಬತ್ತು ಪಾಲನ್ನು ಎಸೆದವರಿಗೆ ಅದೇನು ಕಷ್ಟ? ಎಸೆಯಲಿಲ್ಲ. ಮುಂದಿನವರು ಓದಲೆಂದು ಆ ಸಾಲು ಉಳಿಯಿತು.

ಓದುವವರು ಬರಲು ಐದು ಶತಮಾನ ಹಿಡಿಯಿತು. ಪಶ್ಚಿಮದಲ್ಲಿ ಜಗದ್ಗುರು ಮಹಾ ಗ್ರೆಗರಿಯವರು 603ರ ಒಂದು ಪತ್ರದಲ್ಲಿ ಡೈಜೆಸ್ಟನ್ನು ಉಲ್ಲೇಖಿಸಿದ ಮೇಲೆ ಅದರ ಸುಳಿವು ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಮತ್ತೆ ಕಾಣಿಸಿಕೊಳ್ಳುವುದು 1076ರಲ್ಲಿ, ಇಟಲಿಯ ಟಸ್ಕನಿಯ ಮಾರ್ತೂರಿ ಎಂಬಲ್ಲಿ. ಒಂದು ಮಠ ಕಳೆದುಕೊಂಡ ಜಮೀನನ್ನು ಮರಳಿ ಕೇಳುವ ವ್ಯಾಜ್ಯದಲ್ಲಿ. ದೊಡ್ಡ ತತ್ತ್ವಜ್ಞಾನಕ್ಕಾಗಿಯಲ್ಲ, ಜಮೀನಿಗಾಗಿ! ಆರನೆಯ ಶತಮಾನದ ಒಂದು ಪ್ರತಿ ಮುಂದೆ ಪೀಸಾ ನಗರದ ಪಾಲಿಗೆ ಅಮೂಲ್ಯ ನಿಧಿಯಾಗಿತ್ತು. 1406ರಲ್ಲಿ ಫ್ಲಾರೆನ್ಸಿನವರು ಪೀಸಾವನ್ನು ಗೆದ್ದಾಗ ಅದನ್ನೂ ಒಯ್ದರು. ಇಂದಿಗೂ ಅದು ಫ್ಲಾರೆನ್ಸಿನ ಗ್ರಂಥಾಲಯದಲ್ಲಿದೆ.

1100ರ ಆಸುಪಾಸಿನಲ್ಲಿ ಬೊಲೊನ್ಯಾ ನಗರದಲ್ಲಿ ಇರ್ನೇರಿಯಸ್ ಎಂಬವನು ಈ ಗ್ರಂಥವನ್ನು ಸಾಲುಸಾಲಾಗಿ ಪಾಠ ಹೇಳತೊಡಗಿದ. ಜಸ್ಟಿನಿಯನ್ ತನ್ನ ಗ್ರಂಥಕ್ಕೆ ಯಾರೂ ವ್ಯಾಖ್ಯಾನ ಬರೆಯಕೂಡದೆಂದು ಕಟ್ಟಪ್ಪಣೆ ಮಾಡಿದ್ದ. ಬೊಲೊನ್ಯಾದ ಪಂಡಿತರು ಅಂಚಿನಲ್ಲೆಲ್ಲ ಬರೆದೇ ಬರೆದರು. ಅಕ್ಕುರ್ಸಿಯಸ್ ಎಂಬವನು ಹದಿಮೂರನೆಯ ಶತಮಾನದ ಮಧ್ಯದ ಹೊತ್ತಿಗೆ ಕ್ರೋಡೀಕರಿಸಿದ ಟಿಪ್ಪಣಿಗಳೇ ತೊಂಬತ್ತು ಸಾವಿರವನ್ನು ಮೀರುತ್ತವೆ. ಇದೇ ಸುಮಾರಿಗೆ ನಮ್ಮ ಕಲ್ಯಾಣದಲ್ಲಿ, 1076ರಲ್ಲಿಯೇ ಪಟ್ಟವೇರಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆಯುತ್ತಿದ್ದನೆಂಬುದನ್ನು ನೆನೆದರೆ ವಿಸ್ಮಯವಾಗುತ್ತದೆ. ಒಬ್ಬರನ್ನೊಬ್ಬರು ಕಂಡರಿಯದ ಇಬ್ಬರೂ ಹಳೆಯ ಗ್ರಂಥವನ್ನು ಹೊಸ ಕಾಲಕ್ಕೆ ಮಾತನಾಡಿಸುತ್ತಿದ್ದರು. ಅತ್ತ ಗ್ರೇಷಿಯನ್ ಎಂಬ ವಿದ್ವಾಂಸನು 1140ರ ಸುಮಾರಿಗೆ, ಪರಸ್ಪರ ಹೊಂದದ ಧರ್ಮಸಭೆಯ ನಿಯಮಗಳನ್ನೆಲ್ಲ ಎದುರುಬದುರಿಟ್ಟು ಹೊಂದಿಸುವ ಮಹಾಗ್ರಂಥವನ್ನು ರಚಿಸಿದ. ರೋಮನ್ ಕಾನೂನು ಮತ್ತು ಧರ್ಮಸಭೆಯ ಕಾನೂನು ಅವಳಿಗಳಂತೆ ಯೂರೋಪಿನ ವಿಶ್ವವಿದ್ಯಾಲಯಗಳಲ್ಲಿ ಬೆಳೆದವು.

ಗ್ರಂಥ ಸಿಕ್ಕಿದೊಡನೆ ಅದನ್ನು ಬಳಸಿಕೊಳ್ಳಲು ಚಕ್ರವರ್ತಿಗಳೂ ಬಂದರು. 1158ರಲ್ಲಿ ಫ್ರೆಡರಿಕ್ ಬಾರ್ಬರೋಸನು ರೊಂಕಾಲಿಯಾ ಬಯಲಿನಲ್ಲಿ ಸಭೆ ಸೇರಿಸಿ, ತನ್ನ ರಾಜಹಕ್ಕುಗಳನ್ನು ನಿರ್ಣಯಿಸಲು ಬೊಲೊನ್ಯಾದ ನಾಲ್ವರು ಪಂಡಿತರ ನೆರವು ಪಡೆದ. ಅವನು ಬುಲ್ಗಾರಸ್ ಮತ್ತು ಮಾರ್ಟೀನಸ್ ಎಂಬ ಇಬ್ಬರ ನಡುವೆ ಕುದುರೆಯೇರಿ ಸಾಗುತ್ತ, ‘ನಾನು ಜಗತ್ತಿನ ಒಡೆಯನೇ?’ ಎಂದು ಕೇಳಿದನೆಂಬ ಕಥೆಯಿದೆ. ಪ್ರಜೆಗಳ ಆಸ್ತಿಗೆ ಒಡೆಯನಲ್ಲ ಎಂದ ಬುಲ್ಗಾರಸ್. ಹೌದು ಎಂದ ಮಾರ್ಟೀನಸ್. ಚಕ್ರವರ್ತಿ ತಾನು ಏರಿದ್ದ ಕುದುರೆಯನ್ನು ಮಾರ್ಟೀನಸನಿಗೆ ಕೊಟ್ಟುಬಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಕುದುರೆಗೂ ನ್ಯಾಯಸಮ್ಮತವಾದದ್ದಕ್ಕೂ ಒಂದೇ ಬಗೆಯ ಉಚ್ಚಾರ. ನ್ಯಾಯ ಹೇಳಿ ಕುದುರೆ ಕಳೆದುಕೊಂಡೆ, ಇದು ನ್ಯಾಯವಲ್ಲ ಎಂಬರ್ಥದಲ್ಲಿ ಬುಲ್ಗಾರಸ್ ಗೊಣಗಿದನಂತೆ. ಕಥೆಯಷ್ಟೇ ಇರಬಹುದು. ಆದರೂ ಇಬ್ಬರೂ ಓದಿದ್ದು ಅದೇ ಗ್ರಂಥವನ್ನು ಎಂಬುದನ್ನು ಗಮನಿಸಿ.

ಇನ್ನು ಕಷ್ಟದ ವಿಷಯಕ್ಕೆ ಬರುತ್ತೇನೆ. ಯೂರೋಪಿನಲ್ಲಿ ಅಪರಾಧ ನಿರ್ಣಯಕ್ಕೆ ಬಹುಕಾಲ ದಿವ್ಯಪರೀಕ್ಷೆ ನಡೆಯುತ್ತಿತ್ತು. ಕಾದ ಕಬ್ಬಿಣ ಹಿಡಿಸುವುದು, ನೀರಿಗಿಳಿಸುವುದು ಇತ್ಯಾದಿ. ಕಾದ ನೇಗಿಲ ಗುಳವನ್ನು ಹಿಡಿಸುವ ‘ಫಾಳದಿವ್ಯ’ ನಮ್ಮ ಕನ್ನಡ ಶಾಸನಗಳಲ್ಲಿಯೂ ಬರುತ್ತದೆ. ಆ ಕಬ್ಬಿಣವನ್ನು, ಆ ನೀರನ್ನು ಆಶೀರ್ವದಿಸುತ್ತಿದ್ದವರು ಗುರುಗಳು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಗುರುಗಳು ಇದರಲ್ಲಿ ಭಾಗವಹಿಸಬಾರದೆಂದು ನಿಷೇಧಿಸಿತು. ದೇವರನ್ನು ಪರೀಕ್ಷಿಸುವ ಆ ಕ್ರೂರ ಪದ್ಧತಿಯ ಬೆನ್ನು ಮುರಿಯಿತು. ಸಂತೋಷದ ವಿಷಯವೇ. ಆದರೆ ದೇವರು ತೀರ್ಪು ಕೊಡುವುದಿಲ್ಲವಾದರೆ ಮನುಷ್ಯನೇ ಕೊಡಬೇಕು. ಹೇಗೆ? ಪಂಡಿತರು ಅತ್ಯಂತ ಎಚ್ಚರದ ನಿಯಮವನ್ನು ರೂಪಿಸಿದರು. ಮರಣದಂಡನೆಯಂಥ ಶಿಕ್ಷೆಗೆ ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳು ಬೇಕು. ಇಲ್ಲವೇ ಆರೋಪಿಯ ತಪ್ಪೊಪ್ಪಿಗೆ ಬೇಕು. ಊಹೆ, ಗುಮಾನಿ, ಊರಿನವರ ಮಾತು ಸಾಲದು. ನಿರಪರಾಧಿಯನ್ನು ದಂಡಿಸುವುದಕ್ಕಿಂತ ಅಪರಾಧಿಯೊಬ್ಬ ತಪ್ಪಿಸಿಕೊಳ್ಳುವುದೇ ಲೇಸು ಎಂಬ ಚಕ್ರವರ್ತಿ ಟ್ರಾಜನ್ನನ ನಿಲುವು ಡೈಜೆಸ್ಟಿನಲ್ಲಿಯೇ ಇತ್ತು.

ಇಲ್ಲಿಯೇ ದುರಂತ ಹುಟ್ಟಿತು. ರಾತ್ರಿಯ ಕೊಲೆಗೆ ಇಬ್ಬರು ಪ್ರತ್ಯಕ್ಷ ಸಾಕ್ಷಿಗಳು ಎಲ್ಲಿಂದ ಬರಬೇಕು? ಉಳಿದದ್ದು ತಪ್ಪೊಪ್ಪಿಗೆಯೊಂದೇ. ಅದನ್ನು ಪಡೆಯುವ ಬಗೆ ಡೈಜೆಸ್ಟಿನ ನಲವತ್ತೆಂಟನೆಯ ಪುಸ್ತಕದಲ್ಲಿತ್ತು. ರೋಮನರು ಗುಲಾಮರ ಸಾಕ್ಷ್ಯವನ್ನು ಚಿತ್ರಹಿಂಸೆಯ ಮೂಲಕವೇ ಪಡೆಯುತ್ತಿದ್ದರು. ನಂತರದ ಶತಮಾನಗಳಲ್ಲಿ ಕೆಳವರ್ಗದ ಸ್ವತಂತ್ರರ ಮೇಲೂ ಅದನ್ನು ಪ್ರಯೋಗಿಸಿದರು. ಪೌಲನನ್ನು ಕಟ್ಟಿದ್ದೂ ಅದಕ್ಕಾಗಿಯೇ ಅಲ್ಲವೇ? ಹದಿಮೂರನೆಯ ಶತಮಾನದ ಇಟಲಿಯ ನಗರಗಳು ಆ ಪುಟಗಳನ್ನು ತೆರೆದವು. ಗುಲಾಮನಿಗೆ ಮಾಡಿದ ನಿಯಮ ಎಲ್ಲ ಆರೋಪಿಗಳಿಗೂ ಬಂತು. ನಿರಪರಾಧಿಯನ್ನು ಉಳಿಸಬೇಕೆಂಬ ಎಚ್ಚರಿಕೆಯೇ ಅವನ ಕೀಲುಗಳನ್ನು ಹಗ್ಗಕ್ಕೆ ಕಟ್ಟಿತು.

ಅದೇ ಪುಸ್ತಕದ ಅದೇ ಭಾಗದಲ್ಲಿ ಉಲ್ಪಿಯನ್ ಎಚ್ಚರಿಸಿದ್ದ: ಈ ವಿಧಾನ ದುರ್ಬಲವಾದದ್ದು, ಅಪಾಯಕರವಾದದ್ದು, ಸತ್ಯವನ್ನು ವಂಚಿಸುವಂಥದ್ದು, ಗಟ್ಟಿಮೈಯವನು ನೋವನ್ನು ತಿರಸ್ಕರಿಸಿ ಬಾಯಿ ಬಿಡುವುದಿಲ್ಲ, ಅಂಜುಬುರುಕ ನೋವು ತಾಳಲಾರದೆ ಯಾವ ಸುಳ್ಳನ್ನಾದರೂ ಹೇಳುತ್ತಾನೆ. ಧರ್ಮಸಭೆಯ ಪರಂಪರೆಯಲ್ಲಿಯೂ ಎಚ್ಚರಿಕೆಗೆ ಕೊರತೆಯಿರಲಿಲ್ಲ. 866ರಲ್ಲಿ ಜಗದ್ಗುರು ಮೊದಲನೆಯ ನಿಕೊಲಾಸರು ಬಲ್ಗೇರಿಯನ್ನರಿಗೆ ಬರೆದ ಪತ್ರದಲ್ಲಿ, ಕಳ್ಳನೆಂದು ಶಂಕಿಸಿದವನನ್ನು ಹೊಡೆದು ಚುಚ್ಚಿ ಬಾಯಿ ಬಿಡಿಸುವುದು ದೇವರ ಕಾನೂನಿಗೂ ಮನುಷ್ಯರ ಕಾನೂನಿಗೂ ಸಲ್ಲದು, ತಪ್ಪೊಪ್ಪಿಗೆ ಸ್ವಇಚ್ಛೆಯಿಂದ ಬರಬೇಕು ಎಂದಿದ್ದರು. ಗ್ರೇಷಿಯನ್ನನ ಗ್ರಂಥವೂ ಹಿಂಸೆಯಿಂದ ತಪ್ಪೊಪ್ಪಿಗೆ ಕೀಳಬಾರದೆನ್ನುತ್ತದೆ. ಇಷ್ಟಿದ್ದರೂ 1252ರಲ್ಲಿ ಜಗದ್ಗುರು ನಾಲ್ಕನೆಯ ಇನ್ನೊಸೆಂಟರು ಇಟಲಿಯ ನಗರಾಧಿಕಾರಿಗಳಿಗೆ, ಅಂಗಚ್ಛೇದವಾಗದಂತೆ, ಜೀವ ಹೋಗದಂತೆ ಪಾಷಂಡಿಗಳನ್ನು ಬಲವಂತಪಡಿಸಿ ತಪ್ಪೊಪ್ಪಿಗೆ ಪಡೆಯಲು ಅಪ್ಪಣೆ ಕೊಟ್ಟರು. ಅವರೇನು ಕಾನೂನು ಅರಿಯದವರೇ? ತಮ್ಮ ಕಾಲದ ಅತ್ಯಂತ ದೊಡ್ಡ ಕಾನೂನು ಪಂಡಿತರಲ್ಲಿ ಒಬ್ಬರು ಅವರು. ಗ್ರಂಥದಲ್ಲಿ ಆಯುಧವೂ ಇತ್ತು, ಅದರ ವಿರುದ್ಧದ ಎಚ್ಚರಿಕೆಯೂ ಇತ್ತು. ಓದಿದವರು ಆಯುಧವನ್ನು ಆರಿಸಿಕೊಂಡರು. ಭಯವಿದ್ದಾಗ ಮನುಷ್ಯ ಹೀಗೆಯೇ ಓದುತ್ತಾನೇನೋ. 1631ರಲ್ಲಿ ಯೇಸುಸಭೆಯ ಗುರು ಫ್ರೆಡ್ರಿಕ್ ಸ್ಪೀ ಎಂಬವರು, ಜರ್ಮನಿಯಲ್ಲಿ ಮಾಟಗಾತಿಯರೆಂದು ಹೆಂಗಸರನ್ನು ಹಿಂಸಿಸಿ ಸುಡುತ್ತಿದ್ದ ಕಾಲದಲ್ಲಿ, ತಮ್ಮ ಹೆಸರು ಹಾಕದೆ ಒಂದು ಪುಸ್ತಕ ಪ್ರಕಟಿಸಿ, ಈ ಹಿಂಸೆಗೆ ಒಳಗಾದರೆ ನಾವೆಲ್ಲರೂ ಮಾಟಗಾರರೆಂದು ಒಪ್ಪಿಕೊಳ್ಳುತ್ತೇವೆ ಎಂದು ವಾದಿಸಿದರು. ಸತ್ಯದ ಸೇವೆಯ ಹೆಸರಿನಲ್ಲಿ ಬಲಪ್ರಯೋಗ ಮಾಡಿದ ಪಾಪಕ್ಕಾಗಿ ಜಗದ್ಗುರು ಎರಡನೆಯ ಜಾನ್ ಪೌಲರು ದೇವರ ಕ್ಷಮೆ ಬೇಡಿದ್ದು 2000ದ ಮಾರ್ಚ್ 12ರಂದು.

ನಮ್ಮ ದೇಶದಲ್ಲಿ ಪೊಲೀಸ್ ಅಧಿಕಾರಿಯ ಎದುರು ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂಬ ನಿಯಮ 1872ರ ಸಾಕ್ಷ್ಯ ಅಧಿನಿಯಮದಲ್ಲಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಹೊಸ ಕಾನೂನಿನಲ್ಲಿಯೂ ಆ ನಿಯಮ ಉಳಿದಿದೆ. ಪುಸ್ತಕದ ಒಂದು ಸಣ್ಣ ಸಾಲು. ಆ ಸಾಲಿನ ಹಿಂದೆ ಎಷ್ಟು ಮೈಗಳು ನೊಂದಿವೆ ಎಂಬುದು ಅದನ್ನು ಓದುವಾಗ ಕಾಣುವುದಿಲ್ಲ.

ಆ ಮಧ್ಯಯುಗವೇ ಕೊಟ್ಟ ಇನ್ನೊಂದನ್ನೂ ಹೇಳದಿದ್ದರೆ ತಪ್ಪಾದೀತು. ನ್ಯಾಯವಿಚಾರಣೆಯ ಕ್ರಮ ಎಲ್ಲಿ ಆರಂಭವಾಯಿತೆಂದು ಗ್ರೇಷಿಯನ್ನನ ಶಿಷ್ಯ ಪೌಕಾಪಾಲಿಯ ಕೇಳಿಕೊಂಡ. ರೋಮಿನಲ್ಲಲ್ಲ, ಏದೆನ್ ತೋಟದಲ್ಲಿ ಎಂಬುದು ಅವನ ಉತ್ತರ. ಆದಾಮನು ತಪ್ಪು ಮಾಡಿದ್ದು ಸರ್ವಜ್ಞನಾದ ದೇವರಿಗೆ ಗೊತ್ತಿರಲಿಲ್ಲವೇ? ಆದರೂ ದೇವರು ಅವನನ್ನು ಹೆಸರಿಟ್ಟು ಕರೆದರು, ಪ್ರಶ್ನೆ ಕೇಳಿದರು, ಉತ್ತರ ಹೇಳಲು ಬಿಟ್ಟರು. ದೇವರೇ ವಿಚಾರಿಸದೆ ದಂಡಿಸಲಿಲ್ಲವೆಂದ ಮೇಲೆ ಯಾವ ರಾಜನಿಗೆ, ಯಾವ ಜಗದ್ಗುರುವಿಗೆ ಆ ಅಧಿಕಾರವಿದೆ ಎಂಬ ತರ್ಕ ಇದರಿಂದ ಬೆಳೆಯಿತು. 1300ರ ಸುಮಾರಿಗೆ ಕಾರ್ಡಿನಲ್ ಜಾನ್ ಮೋನಾಕಸ್ ಇದೇ ದಾರಿಯಲ್ಲಿ ಸಾಗಿ, ಅಪರಾಧ ಸಾಬೀತಾಗುವ ತನಕ ಪ್ರತಿಯೊಬ್ಬನನ್ನೂ ನಿರಪರಾಧಿಯೆಂದೇ ಭಾವಿಸಬೇಕು ಎಂದು ಬರೆದರು. ಹಾಗೆಯೇ, ಅನೇಕ ಪಾಲಕರಿರುವ ಅಪ್ರಾಪ್ತ ಮಗುವಿನ ಆಸ್ತಿಯ ಕುರಿತು ಜಸ್ಟಿನಿಯನ್ ಮಾಡಿದ ಒಂದು ಸಣ್ಣ ನಿಯಮವಿತ್ತು: ಎಲ್ಲರಿಗೂ ಸಂಬಂಧಿಸಿದ್ದಕ್ಕೆ ಎಲ್ಲರ ಒಪ್ಪಿಗೆ ಬೇಕು. ಧರ್ಮಸಭೆಯ ಪಂಡಿತರು ಅದನ್ನು ಎತ್ತಿ ಧರ್ಮಾಧ್ಯಕ್ಷರ ಚುನಾವಣೆಗೆ, ಮಠಗಳ ಆಡಳಿತಕ್ಕೆ ಅನ್ವಯಿಸಿದರು. 1295ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೆಯ ಎಡ್ವರ್ಡ್ ಸಭೆ ಕರೆದಾಗ ಅದೇ ಮಾತನ್ನು ಬಳಸಿದ. ನಮ್ಮ ಧರ್ಮಸಭೆಯ 1983ರ ಕಾನೂನು ಸಂಹಿತೆಯ 119ನೆಯ ನಿಯಮದಲ್ಲಿ ಅದು ಇಂದಿಗೂ ಇದೆ. ಅದನ್ನು ಎಷ್ಟರ ಮಟ್ಟಿಗೆ ಪಾಲಿಸುತ್ತೇವೆ ಎಂದು ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಕುಳಿತ ಓದುಗರೇ ಹೇಳಬೇಕು!

ಕೊನೆಯದಾಗಿ, ಮೊದಲು ಕೇಳಿದ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಭಾರವೆನಿಸಿದ್ದು. ಆರೋಪಿ ನಿರಪರಾಧಿಯೆಂದು ನ್ಯಾಯಾಧೀಶನಿಗೆ ಖಾಸಗಿಯಾಗಿ ಗೊತ್ತಿದೆ. ಆದರೆ ಸಾಕ್ಷಿಗಳು ಸುಳ್ಳನ್ನು ಗಟ್ಟಿಯಾಗಿ ಹೇಳಿದ್ದಾರೆ, ಕ್ರಮಬದ್ಧವಾಗಿ ಸಾಬೀತಾಗಿದೆ. ಈಗ ಅವನು ಏನು ಮಾಡಬೇಕು? ಹದಿಮೂರನೆಯ ಶತಮಾನದಲ್ಲಿ ಇದು ಬಿಸಿಯಾದ ಚರ್ಚೆ. ಸಂತ ತೋಮಾಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಉತ್ತರಿಸುತ್ತಾರೆ. ದಾನಿಯೇಲನು ಸುಸನ್ನಳ ಪ್ರಕರಣದಲ್ಲಿ ಮಾಡಿದಂತೆ ಸಾಕ್ಷಿಗಳನ್ನು ಬಿಡಿಬಿಡಿಯಾಗಿ ಕೂಲಂಕಷವಾಗಿ ಪ್ರಶ್ನಿಸಿ ಸುಳ್ಳನ್ನು ಬಯಲಿಗೆಳೆಯಲಿ. ಆಗದಿದ್ದರೆ ಮೇಲಿನ ನ್ಯಾಯಾಲಯಕ್ಕೆ ಒಪ್ಪಿಸಲಿ. ಅದೂ ಆಗದಿದ್ದರೆ? ಸಾಬೀತಾದಂತೆ ತೀರ್ಪು ಕೊಟ್ಟರೆ ಅವನಿಗೆ ಪಾಪವಿಲ್ಲ; ಏಕೆಂದರೆ ಕೊಂದವರು ಸುಳ್ಳು ಸಾಕ್ಷಿಗಳು, ಅವನಲ್ಲ. ನ್ಯಾಯಾಧೀಶ ಸಾರ್ವಜನಿಕ ಅಧಿಕಾರದಿಂದ ತೀರ್ಪು ಕೊಡುವವನು, ಖಾಸಗಿ ತಿಳಿವಳಿಕೆಯಿಂದಲ್ಲ.

ಈ ವಾದದ ಬಲವನ್ನು ನಾನು ಅರಿಯದವನಲ್ಲ. ತನಗೆ ಗೊತ್ತೆಂಬ ಒಂದೇ ಕಾರಣದಿಂದ ನ್ಯಾಯಾಧೀಶ ಬಿಡುಗಡೆ ಮಾಡಬಹುದಾದರೆ, ತನಗೆ ಗೊತ್ತೆಂಬ ಕಾರಣದಿಂದಲೇ ನೇಣಿಗೂ ಹಾಕಬಹುದು. ಅದನ್ನು ತಡೆಯಲೆಂದೇ ಕಾನೂನನ್ನು ಬರೆದಿಟ್ಟರು. ಮೊದಲ ಎರಡು ಮೆಟ್ಟಿಲುಗಳನ್ನು ನಾನು ಮನಃಪೂರ್ವಕ ಒಪ್ಪುತ್ತೇನೆ. ನ್ಯಾಯಾಧೀಶನ ಮನಸ್ಸಾಕ್ಷಿ ಅವನನ್ನು ಇನ್ನಷ್ಟು ಶ್ರಮಪಡಲು, ಇನ್ನೊಂದು ಪ್ರಶ್ನೆ ಕೇಳಲು ದೂಡಬೇಕೆಂಬುದು ಅಪೂರ್ವ ವಿವೇಕ. ಮೂರನೆಯ ಮೆಟ್ಟಿಲಿನಲ್ಲಿ ನನ್ನ ಕಾಲು ನಡುಗುತ್ತದೆ. ಪಿಲಾತನೂ ಕೈ ತೊಳೆದುಕೊಂಡು, ಕೊಲ್ಲುವವರು ನೀವು ಎಂದೇ ಹೇಳಿದ್ದು. ತೋಮಾಸರ ನ್ಯಾಯಾಧೀಶ ಪಿಲಾತನಲ್ಲ, ನಿಜ. ಪಿಲಾತ ಸಾಕ್ಷ್ಯವನ್ನೂ ಲೆಕ್ಕಿಸದೆ ಗದ್ದಲಕ್ಕೆ ಮಣಿದವನು. ಆದರೂ ಆ ಬೋಗುಣಿಯ ನೀರು ಕಣ್ಣ ಮುಂದೆ ಬರುತ್ತದೆ. ಅಂಥ ನ್ಯಾಯಾಧೀಶ ಪೀಠದಿಂದ ಇಳಿದು ರಾಜೀನಾಮೆ ಕೊಡಬಾರದೇ ಎನಿಸುತ್ತದೆ. ಕೊಟ್ಟರೆ ಅವನ ಸ್ಥಾನಕ್ಕೆ ಬಂದವನು ಏನೂ ಗೊತ್ತಿಲ್ಲದೆ ಅದೇ ತೀರ್ಪು ಕೊಡುತ್ತಾನೆ, ಸತ್ತವನು ಸತ್ತೇ ಸಾಯುತ್ತಾನೆ ಎಂಬುದೂ ಹೊಳೆಯುತ್ತದೆ.

ಕೆಲವು ವರ್ಷಗಳ ಹಿಂದೆ ಗುರುಮಠದಲ್ಲಿ ಈ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಸಹೋದರರೊಬ್ಬರು ಎದ್ದು ನಿಂತು, ‘ಸ್ವಾಮಿ, ನ್ಯಾಯಾಧೀಶನಿಗೆ ಪಾಪವಿಲ್ಲ ಎಂಬುದು ತಿಳಿಯಿತು. ಆದರೆ ಆ ಮನುಷ್ಯನನ್ನು ಕರೆದೊಯ್ಯುವ ಮುನ್ನ ನ್ಯಾಯಾಧೀಶ ಅವನ ಮುಖ ನೋಡಿ ಏನು ಹೇಳಬೇಕು?’ ಎಂದು ಕೇಳಿದರು. ತರಗತಿ ಸುಮ್ಮನಾಯಿತು. ತೋಮಾಸರ ಪುಸ್ತಕ ನನ್ನ ಮುಂದೆ ತೆರೆದೇ ಇತ್ತು. ಅದರಲ್ಲಿ ಹುಡುಕುವಂತೆ ಒಂದೆರಡು ಪುಟ ತಿರುವಿದೆ. ಘಂಟೆ ಬಾರಿಸಿತು. ಮುಂದಿನ ವಾರ ನೋಡೋಣ ಎಂದೆ.

ಮುಂದಿನ ವಾರವೂ ನನ್ನ ಬಳಿ ಉತ್ತರವಿರಲಿಲ್ಲ. ಅವರು ಈಗ ಗುರುಗಳಾಗಿ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿದ್ದಾರೆ. ಎದುರಾದಾಗಲೆಲ್ಲ ನಗುತ್ತ, ‘ಸ್ವಾಮಿ, ಸಿಕ್ಕಿತೇ?’ ಎನ್ನುತ್ತಾರೆ.